ಕಾಳಗ ಮುಗಿದ ಮೇಲೆ: ಉಡುಪಿ ಪರಿಸರದ ಯುದ್ಧಕಥನಗಳು ಮತ್ತು ಅವುಗಳ ಮುದ್ರಿತ ರೂಪ

ಕನ್ನಡದಲ್ಲಿ ಯುದ್ಧವನ್ನು ಕುರಿತ ಬರೆಹ ಕನ್ನಡ ಬರೆಹದಷ್ಟೇ ಹಳೆಯದು. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಗುರುತಿಸಿರುವ ಹಲ್ಮಿಡಿ ಶಾಸನವೇ ಕಾಳಗದಲ್ಲಿ ಪರಾಕ್ರಮ ತೋರಿದವನಿಗೆ ಸಂದ ದತ್ತಿಯ ದಾಖಲೆ. ಪಂಪ ಕಲಿಯೂ ಹೌದು, ಕವಿಯೂ ಹೌದು. 941ರಲ್ಲಿ ಮುಗಿದ ಅವನ ವಿಕ್ರಮಾರ್ಜುನ ವಿಜಯ ಆಶ್ರಯದಾತ ಅರಿಕೇಸರಿಯ ಶೌರ್ಯವನ್ನು ಭಾರತ ಕಥೆಯೊಳಗೆ ಹೆಣೆದ ಕಾವ್ಯ. ರನ್ನನ ಗದಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ತನ್ನವರ ಹೆಣಗಳ ನಡುವೆ ಹೆಜ್ಜೆ ಹಾಕುವ ಭಾಗವು ಯುದ್ಧದ ವರ್ಣನೆಗಿಂತ ಯುದ್ಧಾನಂತರದ ವರ್ಣನೆಯಾಗಿಯೇ ಓದುಗರ ಮನಸ್ಸಿನಲ್ಲಿ ನಿಂತಿದೆ. ಇಷ್ಟು ದೊಡ್ಡ ಪರಂಪರೆಯಿದ್ದೂ ಆಧುನಿಕ ಕಾಲದ ಸೈನಿಕ ಜೀವನವನ್ನು ಕುರಿತ ಪುಸ್ತಕಗಳು ಕನ್ನಡದ ಗ್ರಂಥಾಲಯಗಳಲ್ಲಿ ಒಂದು ಪ್ರತ್ಯೇಕ ಕಪಾಟನ್ನು ತುಂಬುವಷ್ಟಿಲ್ಲ. ಇರುವವುಗಳಲ್ಲಿಯೂ ಕಾರ್ಯಪ್ಪ, ತಿಮ್ಮಯ್ಯರಂಥ ದಂಡನಾಯಕರನ್ನು ಕೊಟ್ಟ ಕೊಡಗಿಗೆ ಸಿಕ್ಕ ಸ್ಥಾನ ಕರಾವಳಿಗೆ ಸಿಕ್ಕಿಲ್ಲ.

ಹಾಗೆಂದು ಉಡುಪಿ, ಕಾಪು, ಕಾರ್ಕಳದ ಸೀಮೆ ಯುದ್ಧವನ್ನು ಕಾಣದ ನಾಡು ಎನ್ನಲಾಗದು. ಆಳುಪರ ಒಳಜಗಳ, ಬಲ್ಲಾಳ ಹೆಗ್ಗಡೆಗಳ ಗಡಿಜಗಳ, ಕೆಳದಿಯ ದಂಡು, ಪೋರ್ಚುಗೀಸರ ಹಡಗು, ಮೈಸೂರಿನ ಸೈನ್ಯ, ಕೊನೆಗೆ ಕಂಪೆನಿಯ ಸಿಪಾಯಿ, ಇವರೆಲ್ಲರೂ ಈ ನೆಲವನ್ನು ತುಳಿದಿದ್ದಾರೆ. ಆದರೆ ಇಲ್ಲಿಯ ಯುದ್ಧಸಾಹಿತ್ಯವನ್ನು ಹುಡುಕುವವರು ಪುಸ್ತಕದ ಕಪಾಟಿಗೆ ಹೋಗುವ ಮೊದಲು ಕಲ್ಲಿನ ಬಳಿಗೆ, ಗರಡಿಗೆ, ಸಾನದ ಅಂಗಳಕ್ಕೆ, ನಾಟಿಯ ಗದ್ದೆಗೆ ಹೋಗಬೇಕಾಗುತ್ತದೆ. ಅಲ್ಲಿ ದೊರೆಯುವ ಪಠ್ಯಗಳು ಅಚ್ಚಿಗೆ ಬಂದಾಗ ಏನಾಯಿತು, ಅವುಗಳನ್ನು ಓದಿದ ವಿದ್ವತ್ತು ಯಾವುದನ್ನು ಕಂಡಿತು, ಯಾವುದನ್ನು ಬಿಟ್ಟಿತು ಎಂಬುದು ಪ್ರಸ್ತುತ ಲೇಖನದ ವಿಷಯ. ಮುದ್ರಿತ ಕಥನಗಳೂ ಅವುಗಳ ವಿಮರ್ಶೆಯೂ ಬಹುಮಟ್ಟಿಗೆ ವೀರನು ಬಿದ್ದಲ್ಲಿಗೆ ನಿಲ್ಲುತ್ತವೆ. ಪಾಡ್ದನವು ಅಲ್ಲಿಂದ ಮುಂದಕ್ಕೂ ನಡೆಯುತ್ತದೆ. ಆ ಮುಂದಿನ ಭಾಗವನ್ನು ಆರಾಧನೆಯ ಪರಿಶಿಷ್ಟವೆಂದು ಬದಿಗಿಟ್ಟರೆ ಕರಾವಳಿಯ ಯುದ್ಧಕಥನದ ಮುಖ್ಯಾಂಶವೇ ಕೈತಪ್ಪುತ್ತದೆ.

ಉದ್ಯಾವರದ ಕಲ್ಲುಗಳು

ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಸಿಗುವ ಉದ್ಯಾವರ ಆಳುಪರ ಕಾಲದ ಉದಯಪುರ. ಅಲ್ಲಿಯ ಶಂಭುಕಲ್ಲು ದೇವಾಲಯದ ಪರಿಸರದ ಹಳಗನ್ನಡ ವೀರಗಲ್ಲು ಶಾಸನಗಳನ್ನು ಇ. ಹುಲ್ಟ್ಸ್ ಅವರು ಎಪಿಗ್ರಾಫಿಯಾ ಇಂಡಿಕಾದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಚಿತ್ರವಾಹನ, ರಣಸಾಗರ, ಶ್ವೇತವಾಹನ ಎಂಬ ಅರಸರ ನಡುವೆ ಉದಯಪುರಕ್ಕಾಗಿ ನಡೆದ ಕಾದಾಟಗಳಲ್ಲಿ ಮಡಿದವರ ನೆನಪಿನ ಕಲ್ಲುಗಳಿವು. ಬಿ.ಎ. ಸಾಲೆತೊರೆ, ಕೆ.ವಿ. ರಮೇಶ್, ಪಿ. ಗುರುರಾಜ ಭಟ್ಟರಂಥ ಇತಿಹಾಸಕಾರರು ಆಳುಪರ ವಂಶಾವಳಿಯನ್ನು ಚರ್ಚಿಸುವಾಗ ಈ ಶಾಸನಗಳನ್ನು ಮುಖ್ಯ ಆಕರವಾಗಿ ಬಳಸಿದ್ದಾರೆ. ಅದು ಅವರ ಕೆಲಸ, ಅದರಲ್ಲಿ ದೋಷವಿಲ್ಲ. ಆದರೆ ಪ್ರತಿಯೊಂದು ಕಲ್ಲಿನಲ್ಲೂ ವ್ಯಾಕರಣದ ಕರ್ತೃ ಅರಸನಲ್ಲ, ಸತ್ತ ಆಳು. ಅರಸನ ಹೆಸರು ಬರುವುದು ಆಳು ಯಾರ ಕಡೆಯವನು ಎಂದು ತಿಳಿಸುವುದಕ್ಕೆ ಮಾತ್ರ. ಯಾರು ಯಾವಾಗ ಪಟ್ಟವೇರಿದರೆಂಬುದನ್ನು ಈ ಕಲ್ಲುಗಳಿಂದ ಹೆಕ್ಕಿ ತೆಗೆದ ಚರಿತ್ರೆಯು, ಕಲ್ಲು ಯಾರಿಗಾಗಿ ನಿಂತಿತೋ ಅವರನ್ನು ಅಡಿಟಿಪ್ಪಣಿಗೆ ಇಳಿಸಿದೆ.

ವೀರಗಲ್ಲಿನ ಪಠ್ಯ ತೀರ ಚಿಕ್ಕದು. ಇಂಥವರ ಪರವಾಗಿ, ಇಂಥ ಊರನ್ನು ಹೊಗುವಾಗ, ಇರಿದು, ಸ್ವರ್ಗಕ್ಕೆ ಸಂದ. ಇಷ್ಟೇ ಅದರ ಚೌಕಟ್ಟು. ಹಿಂದೆ ಉಳಿದ ಹೆಂಡತಿ, ಮಕ್ಕಳು, ಹೊಲ, ಸಾಲ ಯಾವುದರ ಮಾತೂ ಇಲ್ಲ. ಸ್ವರ್ಗವೆಂಬ ಪದ ಎಲ್ಲ ಲೆಕ್ಕವನ್ನೂ ಚುಕ್ತಾ ಮಾಡಿಬಿಡುತ್ತದೆ. ಒಂದೇ ವಂಶದ ಇಬ್ಬರು ಅರಸರು ಒಂದೇ ಊರಿಗಾಗಿ ಕಾದಾಡಿದ ಈ ಪ್ರಸಂಗದಲ್ಲಿ ಎರಡೂ ಕಡೆಯ ಆಳುಗಳೂ ಸ್ವರ್ಗಕ್ಕೇ ಹೋಗುತ್ತಾರೆ ಎಂಬುದರಲ್ಲಿ ಒಂದು ವ್ಯಂಗ್ಯವಿದೆ. ಕೆತ್ತಿದವನಿಗೆ ಅದು ಹೊಳೆದಿತ್ತೋ ಇಲ್ಲವೋ ಹೇಳಲಾಗದು. ಇದೇ ನೆಲದ ಮೌಖಿಕ ಪರಂಪರೆ ಈ ಸ್ವರ್ಗದ ಪರಿಹಾರವನ್ನು ಒಪ್ಪಲಿಲ್ಲ. ಪಾಡ್ದನದಲ್ಲಿ ಕೊಲೆಯಾದವನು ಕಾಯ ಬಿಟ್ಟು ಮಾಯಕ್ಕೆ ಸೇರುತ್ತಾನೆ. ಮಾಯವೆಂದರೆ ಸ್ವರ್ಗವಲ್ಲ. ಅದು ಊರಿನ ಪಕ್ಕದಲ್ಲೇ, ಗದ್ದೆಯ ಬದುವಿನಾಚೆಯೇ ಇರುವ ಲೋಕ. ಅಲ್ಲಿಂದ ಮರಳಿ ಬಂದು ಕಾಡಬಹುದು, ಕೇಳಬಹುದು, ಕಾಯಬಹುದು. ಸತ್ತವನು ದೂರ ಹೋಗುವುದಿಲ್ಲ ಎಂಬ ಈ ನಂಬಿಕೆಯೇ ಕರಾವಳಿಯ ಯುದ್ಧಕಥನಕ್ಕೆ ಅದರದೇ ಆದ ರೂಪವನ್ನು ಕೊಟ್ಟಿದೆ.

ಎಣ್ಮೂರಿನ ಕಾಳಗ, ಪಡುಮಲೆಯ ಬಾಕಿ

ಕೋಟಿ ಚೆನ್ನಯರ ಪಾಡ್ದನದ ಘಟನೆಗಳು ನಡೆಯುವುದು ಪಡುಮಲೆ, ಪಂಜ, ಎಣ್ಮೂರುಗಳಲ್ಲಿ. ಅಂದರೆ ಇಂದಿನ ದಕ್ಷಿಣ ಕನ್ನಡ ಜಿಲ್ಲೆಯ ಒಳನಾಡಿನಲ್ಲಿ. ಆದರೆ ಅವರಿಬ್ಬರ ಗರಡಿಗಳು ಉಡುಪಿ, ಕಾಪು, ಕಾರ್ಕಳದವರೆಗೂ ಹಬ್ಬಿವೆ. ಬನ್ನಂಜೆ ಬಾಬು ಅಮೀನ್ ಮತ್ತು ಮೋಹನ ಕೋಟ್ಯಾನ್ ಅವರು ತುಳುನಾಡಿನ ಗರಡಿಗಳನ್ನು ಕುರಿತು ನಡೆಸಿದ ಕ್ಷೇತ್ರಕಾರ್ಯ ಈ ಹಬ್ಬುವಿಕೆಯ ವಿಸ್ತಾರವನ್ನು ತೋರಿಸಿಕೊಟ್ಟಿದೆ. ಕಾಳಗ ನಡೆದದ್ದು ಒಂದು ಕಡೆ, ಅದರ ನೆನಪು ಬೇರೂರಿದ್ದು ನೂರಾರು ಕಡೆ. ಕಾಳಗವನ್ನು ಕಣ್ಣಾರೆ ಕಾಣದ, ಅದರ ಯಾವ ಪಕ್ಷಕ್ಕೂ ಸೇರದ ಊರುಗಳು ಆ ಸಾವನ್ನು ತಮ್ಮದನ್ನಾಗಿ ಮಾಡಿಕೊಂಡವೆಂಬುದು ವಿವರಣೆಯನ್ನು ಬೇಡುವ ಸಂಗತಿ. ಶೌರ್ಯದ ಆಕರ್ಷಣೆ ಎಂಬ ಉತ್ತರ ಸುಲಭದ್ದು. ಪಾಡ್ದನದ ರಚನೆಯನ್ನು ಗಮನಿಸಿದರೆ ಅದು ಸಾಲದೆನಿಸುತ್ತದೆ.

ಕಥೆ ಆರಂಭವಾಗುವುದು ಯುದ್ಧದಿಂದಲ್ಲ, ಗಾಯದಿಂದ. ಪಡುಮಲೆಯ ಪೆರುಮಳ ಬಲ್ಲಾಳನ ಕಾಲಿಗೆ ಮುಳ್ಳು ತಾಗಿ ವಾಸಿಯಾಗದ ಹುಣ್ಣಾಗುತ್ತದೆ. ಸಾಯನ ಬೈದ್ಯನ ಆಶ್ರಯದಲ್ಲಿರುವ ದೇಯಿ ಬೈದೆತಿ ಮದ್ದು ಬಲ್ಲವಳು. ಬಸುರಿಯಾಗಿದ್ದರೂ ಅವಳಿಗೆ ಬೀಡಿನಿಂದ ಕರೆ ಬರುತ್ತದೆ. ಅವಳ ಮದ್ದಿನಿಂದ ಅರಸ ಗುಣವಾಗುತ್ತಾನೆ, ಕೊಡುಗೆಯ ಮಾತು ಕೊಡುತ್ತಾನೆ. ಅವಳಿಮಕ್ಕಳನ್ನು ಹೆತ್ತ ಸ್ವಲ್ಪ ಕಾಲದಲ್ಲಿಯೇ ದೇಯಿ ತೀರಿಕೊಳ್ಳುತ್ತಾಳೆ. ಮುಂದಿನದೆಲ್ಲವೂ ಈ ಮಾತಿನ ಬೆನ್ನಿಗೆ ಬರುವಂಥದು. ಬೆಳೆದ ಹುಡುಗರಿಗೂ ಬುದ್ಯಂತನಿಗೂ ಗದ್ದೆಯ, ನೀರಿನ ಜಗಳ ಬೆಳೆದು ಬುದ್ಯಂತನ ಕೊಲೆಯಾಗುತ್ತದೆ. ತಾಯಿಯ ಲೆಕ್ಕದಲ್ಲಿ ತಮಗೆ ಸಲ್ಲಬೇಕಾದುದನ್ನು ಕೇಳಿದಾಗ ಬಲ್ಲಾಳ ಕೊಡುವುದಿಲ್ಲ. ಅವರು ಪಡುಮಲೆಯನ್ನು ಬಿಟ್ಟು ಹೊರಡುತ್ತಾರೆ. ಪಂಜದಲ್ಲಿ ಅಕ್ಕ ಕಿನ್ನಿದಾರುವಿನ ಭೇಟಿ, ಚಂದುಗಿಡಿಯ ಪಿತೂರಿ, ಸೆರೆ. ಬಳಿಕ ಎಣ್ಮೂರಿನ ದೇವ ಬಲ್ಲಾಳನ ಆಶ್ರಯ. ಬೇಟೆಯ ಹಂದಿ ಯಾರದೆಂಬ ಗಡಿಯ ತಕರಾರು ಪಂಜಕ್ಕೂ ಎಣ್ಮೂರಿಗೂ ಕಾಳಗವನ್ನು ತರುತ್ತದೆ. ಪಡುಮಲೆಯೂ ಪಂಜದ ಕಡೆ ಸೇರುತ್ತದೆ. ಕೋಟಿ ಬಾಣಕ್ಕೆ ಬೀಳುತ್ತಾನೆ. ಬಹುಮಟ್ಟಿನ ಪಾಠಗಳಲ್ಲಿ ಆ ಬಾಣ ಬಂದದ್ದು ಪಡುಮಲೆಯ ಕಡೆಯಿಂದ. ಅಣ್ಣನಿಲ್ಲದ ಬದುಕು ಬೇಡವೆಂದು ಚೆನ್ನಯನೂ ಪ್ರಾಣ ಬಿಡುತ್ತಾನೆ.

ಪಾಠಾಂತರಗಳು ಹಲವು. ಆದರೆ ಒಂದು ಅಂಶ ಪಾಠದಿಂದ ಪಾಠಕ್ಕೆ ಹೆಚ್ಚು ಬದಲಾಗುವುದಿಲ್ಲ. ಈ ಕಾಳಗದ ಮೂಲ ಒಬ್ಬ ವೈದ್ಯೆಗೆ ಕೊಟ್ಟು ಉಳಿಸಿಕೊಳ್ಳದ ಮಾತು. ಗಾಯವನ್ನು ಮಾಯಿಸಿದವಳ ಮಕ್ಕಳಿಗೆ, ಅವಳಿಂದ ಕಾಲು ಪಡೆದವನ ಕಡೆಯಿಂದಲೇ ಗಾಯ. ಹಂದಿ, ಗಡಿ, ಚಾಡಿ ಇವೆಲ್ಲ ಕಾಳಗಕ್ಕೆ ಹತ್ತಿರದ ಕಾರಣಗಳು. ಪಾಡ್ದನವು ಅವನ್ನು ಕಾರಣಗಳೆಂದು ಒಪ್ಪುವುದಿಲ್ಲ, ನೆಪಗಳೆಂದೇ ಕಾಣುತ್ತದೆ. ಎರಡು ಬೀಡುಗಳ ನಡುವಣ ಹಂದಿಯ ಜಗಳದಲ್ಲಿ ಸಾಯುವವರು ಬೀಡಿನವರಲ್ಲ ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಕಥೆಯ ಓಟವೇ ಅದನ್ನು ಕಾಣಿಸುತ್ತದೆ. ಆಶ್ರಯವನ್ನರಸಿ ಒಂದು ಬೀಡಿನಿಂದ ಇನ್ನೊಂದಕ್ಕೆ ಅಲೆಯುವ, ತಮಗೆ ಸಂಬಂಧಿಸದ ಗಡಿಗಾಗಿ ಕತ್ತಿ ಹಿಡಿಯಬೇಕಾದ ಇಬ್ಬರು ಕಲಿಗಳ ಪಾಡು ಇದು. ಸೈನಿಕ ಜೀವನವೆಂಬ ಮಾತಿಗೆ ತುಳುನಾಡಿನಲ್ಲಿ ಇದಕ್ಕಿಂತ ನಿಚ್ಚಳವಾದ ಪಠ್ಯ ಸಿಗಲಾರದು.

ಕೋಟಿ ಬಿದ್ದ ಮೇಲೆ ಪಾಡ್ದನ ಮುಗಿಯುವುದಿಲ್ಲ. ಮಾಯಕ್ಕೆ ಸಂದ ಇಬ್ಬರೂ ಗರಡಿಯನ್ನು ಬೇಡುತ್ತಾರೆ. ಎಣ್ಮೂರಿನಲ್ಲಿ ಮೊದಲಾಗಿ ಊರಿಂದೂರಿಗೆ ನೆಲೆಗಳ ಪಟ್ಟಿ ಬೆಳೆಯುತ್ತದೆ. ಜಾನಪದ ಅಧ್ಯಯನವು ಈ ಭಾಗವನ್ನು ‘ಪ್ರಸರಣ’ ಎಂದು ಕರೆದು, ಆರಾಧನೆಯ ಭೌಗೋಳಿಕ ವ್ಯಾಪ್ತಿಯನ್ನು ತಿಳಿಯಲು ಬಳಸಿದೆ. ಕಥನದ ದೃಷ್ಟಿಯಿಂದ ಅದು ಬೇರೆಯೇ ಕೆಲಸ ಮಾಡುತ್ತದೆ. ಪಡುಮಲೆಯಲ್ಲಿ ಕೇಳಿ ಪಡೆಯಲಾಗದ ನೆಲವನ್ನು ಸತ್ತವರು ಊರೂರುಗಳಲ್ಲಿ ಕೇಳಿ ಪಡೆಯುತ್ತಾರೆ. ಬದುಕಿದ್ದಾಗ ಇಬ್ಬರಿಗೆ ಇಲ್ಲವೆಂದ ಅಂಗೈಯಗಲ ಭೂಮಿ ಸತ್ತ ಮೇಲೆ ಗರಡಿಯಾಗಿ ದೊರೆಯುತ್ತದೆ. ಪ್ರಸರಣದ ಪಟ್ಟಿ ಎಂದರೆ ವಸೂಲಿಯ ಪಟ್ಟಿಯೂ ಹೌದು.

ಅಚ್ಚಿಗೆ ಹೋದ ಪಾಡ್ದನ

ಪಾಡ್ದನಗಳು ಮುದ್ರಣಕ್ಕೆ ಬಂದದ್ದು ಮಿಶನರಿಗಳ ಮೂಲಕ. ಬಾಸೆಲ್ ಮಿಶನ್ನಿನ ಆಗಸ್ಟ್ ಮ್ಯಾನರ್ ಅವರ ‘ಪಾಡ್ದನೊಳು’ 1886ರಲ್ಲಿ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಎ.ಸಿ. ಬರ್ನೆಲ್ ಸಂಗ್ರಹಿಸಿದ ಸಾಮಗ್ರಿ ಅವರ ಮರಣಾನಂತರ 1894ರಿಂದ 1897ರವರೆಗೆ ಇಂಡಿಯನ್ ಆಂಟಿಕ್ವೆರಿಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟವಾಯಿತು. ಆ ಮಾಲಿಕೆಗೆ ಕೊಟ್ಟ ಶೀರ್ಷಿಕೆ ತುಳುವರ ಪಿಶಾಚಾರಾಧನೆ ಎಂಬರ್ಥದ್ದು. ಕಾಳಗದಲ್ಲಿ ಬಿದ್ದ ಕಲಿಗಳು ಒಂದು ಶೀರ್ಷಿಕೆಯ ಬಲದಿಂದ ಪಿಶಾಚಿಗಳಾದರು. ಆದರೂ ಆ ಸಂಗ್ರಾಹಕರಿಗೆ ಸಲ್ಲಬೇಕಾದುದು ಸಲ್ಲಲಿ: ಕಥೆಯನ್ನು ಸುಂದರಗೊಳಿಸುವ ಆಸೆ ಅವರಿಗೆ ಇರಲಿಲ್ಲವಾಗಿ ಪುನರುಕ್ತಿಗಳೂ ತೊಡಕುಗಳೂ ಬಹಳಷ್ಟು ಉಳಿದುಕೊಂಡವು. ಇಂದಿನ ಸಂಶೋಧಕನಿಗೆ ಅವೇ ಬೆಲೆಯುಳ್ಳವು.

ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’ (1924) ಬೇರೆ ಜಾತಿಯ ಕೃತಿ. ತುಳುವಿನ ಕಥೆಯನ್ನು ಕನ್ನಡ ಗದ್ಯಕ್ಕೆ ತಂದು ಕರಾವಳಿಯಾಚೆಯ ಓದುಗರಿಗೆ ಮುಟ್ಟಿಸಿದ ಶ್ರೇಯಸ್ಸು ಅದರದು. ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆಯವರಿಗೆ ಮಕ್ಕಳ ಕಿವಿಗೆ ಹತ್ತುವ ಕನ್ನಡ ಕರತಲಾಮಲಕವಾಗಿತ್ತು. ಈ ಗದ್ಯದ ಚುರುಕು, ಸಂಭಾಷಣೆಯ ಹರಿತ ಇಂದಿಗೂ ಮಾಸಿಲ್ಲ. ಕೃತಿಯ ಸಮಸ್ಯೆ ಲೇಖಕನ ಪ್ರತಿಭೆಯದಲ್ಲ, ಪುಸ್ತಕವೆಂಬ ಮಾಧ್ಯಮದ್ದು. ಪುಸ್ತಕಕ್ಕೆ ಒಂದು ಕೊನೆಯ ಪುಟ ಇರಲೇಬೇಕು. ನೇಮದ ರಾತ್ರಿ ಹಾಡುವ ಪಾಡ್ದನಕ್ಕೆ ಆ ಹಂಗಿಲ್ಲ. ಅದು ಮುಗಿಯುವಲ್ಲಿ ಸತ್ತವರು ಎದ್ದು ಬಂದು ಅಂಗಳದಲ್ಲಿ ನಿಲ್ಲುತ್ತಾರೆ; ಕೈಯಲ್ಲಿ ಸುರಿಯ ಹಿಡಿದು ದರ್ಶನ ಬರುತ್ತದೆ; ಊರಿನವರೊಡನೆ ನುಡಿಯಾಡುತ್ತಾರೆ. ಕೇಳುವವರಿಗೆ ಕಥೆಯು ಆಗಿಹೋದ ಸಂಗತಿಯಾಗಿ ಉಳಿಯುವುದಿಲ್ಲ, ಎದುರಿಗೆ ನಿಂತ ಸಂಗತಿಯಾಗುತ್ತದೆ. ಗದ್ಯಕಥನದಲ್ಲಿ ಇದೇ ಕಥೆ ‘ಹಿಂದೊಮ್ಮೆ’ ಎಂಬ ಕಾಲಕ್ಕೆ ಸರಿಯುತ್ತದೆ. ಕಾಲದ ಈ ಬದಲಾವಣೆ ಚಿಕ್ಕದಲ್ಲ. ಹಿಂದೊಮ್ಮೆ ಆದದ್ದನ್ನು ಓದಿ ಮೆಚ್ಚಬಹುದು, ಮರುಗಬಹುದು. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ.

ಭಾಷೆಯ ಬದಲಾವಣೆಯೂ ಗಮನಾರ್ಹ. ಪಾಡ್ದನವನ್ನು ನೇಮದಲ್ಲಿ ಹಾಡುವಂತೆ ನಾಟಿಯ ಗದ್ದೆಯಲ್ಲಿ ಹೆಂಗಸರು ಹಾಡುತ್ತಾರೆ. ಒಬ್ಬಾಕೆ ಎತ್ತಿಕೊಟ್ಟುದನ್ನು ಉಳಿದವರು ಹಿಡಿದು ಸಾಗಿಸುವ ಆ ಹಾಡಿಕೆಯಲ್ಲಿ ಕಾಳಗದ ಭಾಗ ಎಷ್ಟು ಹೊತ್ತು, ಬಸುರಿ ದೇಯಿ ಬೀಡಿಗೆ ನಡೆದುಹೋಗುವ ಭಾಗ ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವವರು ಬೆನ್ನು ಬಗ್ಗಿಸಿ ನೇಜಿ ನೆಡುವವರೇ. ಗದ್ದೆ, ನೀರು, ಬದು, ಬೀಡಿನ ಕರೆ ಇವು ಅವರಿಗೆ ರೂಪಕಗಳಲ್ಲ. ಮುದ್ರಿತ ಕಥನವು ಪ್ರಾಯಶಃ ಅನಿವಾರ್ಯವಾಗಿಯೇ ಈ ಅಳತೆಯನ್ನು ತಲೆಕೆಳಗು ಮಾಡುತ್ತದೆ. ತಾಯಿ ಪೀಠಿಕೆಯಾಗುತ್ತಾಳೆ, ಮಕ್ಕಳ ಕಾಳಗ ಕಥೆಯಾಗುತ್ತದೆ. ಯಕ್ಷಗಾನದ ತುಳು ಪ್ರಸಂಗಗಳಲ್ಲಿ, ವಿಶುಕುಮಾರ್ ಅವರು 1973ರಲ್ಲಿ ನಿರ್ದೇಶಿಸಿದ ಚಲನಚಿತ್ರದಲ್ಲಿ, 2000ದ ಬಳಿಕದ ಕ್ಯಾಲೆಂಡರು ಫ್ಲೆಕ್ಸುಗಳಲ್ಲಿ ಕಥೆಯ ಜನಪ್ರಿಯತೆ ಬೆಳೆದಂತೆಲ್ಲ ಕಣ್ಣಿಗೆ ಮೊದಲು ಕಾಣುವುದು ಕಟ್ಟುಮಸ್ತಾದ ಎರಡು ಮೈಗಳು, ಎರಡು ಸುರಿಯಗಳು. ಕಾರ್ಕಳದಲ್ಲಿ ಅವರ ಹೆಸರಿನ ಥೀಮ್ ಪಾರ್ಕೂ ಇದೆ. ಇವುಗಳ ಭಕ್ತಿಯನ್ನಾಗಲಿ ಅಭಿಮಾನವನ್ನಾಗಲಿ ಪ್ರಶ್ನಿಸಬೇಕಾಗಿಲ್ಲ. ಮದ್ದಿನ ಸೊಪ್ಪು ಹಿಡಿದ ಕೈ ಆಯುಧ ಹಿಡಿದ ಕೈಗಳ ಹಿಂದೆ ಮರೆಯಾಯಿತೆಂಬುದನ್ನು ಮಾತ್ರ ದಾಖಲಿಸಬೇಕು.

ಈ ಟೀಕೆಯಿಂದ ಜಾನಪದ ವಿದ್ವತ್ತೂ ಹೊರತಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜು ಮಣಿಪಾಲದ ಶಿಕ್ಷಣಸಂಸ್ಥೆಗಳ ಬಳಗದಲ್ಲಿ 1949ರಲ್ಲಿ ಆರಂಭವಾದದ್ದು. ಅಲ್ಲಿ ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ರೂಪುಗೊಂಡ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಪಾಡ್ದನಗಳ ಧ್ವನಿಮುದ್ರಣಕ್ಕೂ ಅಧ್ಯಯನಕ್ಕೂ ನೆಲೆಯಾಯಿತು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳಾಗಿ ಹೊರಬಂದದ್ದು ಇದೇ ಅಂಗಳದಿಂದ. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅಮೃತ ಸೋಮೇಶ್ವರ ಮೊದಲಾದವರ ಕೆಲಸವಿಲ್ಲದೆ ಪಾಡ್ದನವನ್ನು ಕುರಿತು ಇಂದು ಒಂದು ವಾಕ್ಯವನ್ನೂ ಹೊಣೆಯಿಂದ ಬರೆಯಲಾಗದು. ಆದರೆ 1980 ಮತ್ತು 90ರ ದಶಕಗಳ ಅಧ್ಯಯನಗಳು, ಕಾಲದ ಒತ್ತಡಕ್ಕೆ ತಕ್ಕಂತೆ, ಈ ಕಥನಗಳಲ್ಲಿ ‘ಸಾಂಸ್ಕೃತಿಕ ವೀರ’ನನ್ನೂ ಪ್ರಭುತ್ವದ ವಿರುದ್ಧದ ಪ್ರತಿಭಟನೆಯನ್ನೂ ಹುಡುಕಿದವು. ಅದು ಅಗತ್ಯವಾಗಿದ್ದ ಓದು. ವೀರನನ್ನು ಮೆಚ್ಚುವ ಓದಿನಂತೆ ಬಂಡಾಯವನ್ನು ಮೆಚ್ಚುವ ಓದಿಗೂ ಕಥೆಯ ಶಿಖರ ಕಾಳಗವೇ. ಬಿದ್ದ ಮೇಲಿನದು ಎರಡಕ್ಕೂ ಇಳಿಜಾರು.

ಇನ್ನೊಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕಾಗುತ್ತದೆ. ಕೊಂದವರೇ ಗುಡಿ ಕಟ್ಟಿಸಿ ಕೈಮುಗಿದರೆ ಅದು ನ್ಯಾಯವೇ? ದೈವತ್ವವು ಸತ್ತವರಿಗೆ ಸಿಕ್ಕ ಪರಿಹಾರವೋ, ಬದುಕಿರುವ ಬಲ್ಲಿದರಿಗೆ ಸಿಕ್ಕ ಬಿಡುಗಡೆಯೋ? ಗುತ್ತು ಬೀಡುಗಳ ಯಜಮಾನರು ನೇಮಗಳಲ್ಲಿ ಗೌರವದ ಸ್ಥಾನದಲ್ಲಿ ಕುಳಿತಿರುವುದನ್ನು ಕಂಡವರಿಗೆ ಈ ಶಂಕೆ ಬಾರದಿರದು. ಪಾಡ್ದನವು ಬೀಡನ್ನು ಉರುಳಿಸುವುದಿಲ್ಲ ಎಂಬುದು ನಿಜ. ಆದರೆ ಅದು ಬೀಡಿಗೆ ಮರೆಯುವ ಹಕ್ಕನ್ನೂ ಕೊಡುವುದಿಲ್ಲ. ಪಡುಮಲೆಯ ಅರಸ ಮಾತಿಗೆ ತಪ್ಪಿದ್ದನ್ನು ಅರಸೊತ್ತಿಗೆ ಅಳಿದ ಮೇಲೂ, ಭೂಸುಧಾರಣೆಯ ಕಾನೂನು ಬಂದ ಮೇಲೂ, ವರ್ಷಾವಧಿ ನೇಮದಲ್ಲಿ ಊರು ಕೂಡಿ ಕೇಳಬೇಕು. ಸಾಲ ತೀರಿತೆಂದು ಯಾರೂ ಹೇಳುವುದಿಲ್ಲ. ಇದೆ ಎಂಬುದನ್ನು ಮಾತ್ರ ಪ್ರತಿವರ್ಷ ಓದಿ ಹೇಳಲಾಗುತ್ತದೆ.

ಕಾರ್ಕಳದ ಶಿಲ್ಪಿ, ನಂದಳಿಕೆಯ ಮನೋರಮೆ

ಕಾಳಗವೇ ಇಲ್ಲದೆ ಯುದ್ಧದ ಗಾಯವನ್ನು ಹೇಳುವ ಪಾಡ್ದನ ಕಲ್ಕುಡ ಕಲ್ಲುರ್ಟಿಯರದು. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದನೆಂಬುದು ಚರಿತ್ರೆ. ಅಂಥ ಮೂರ್ತಿಯನ್ನು ಬೇರೆಲ್ಲಿಯೂ ಕಡೆಯಬಾರದೆಂದು ಅರಸನು ಶಿಲ್ಪಿ ಬೀರ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನೆಂಬುದು ಪಾಡ್ದನ. ಉಳಿದ ಕೈಯಿಂದಲೇ ಅವನು ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ವೇಣೂರಿನ ಮೂರ್ತಿ 1604ರದು. ಎರಡರ ನಡುವೆ 172 ವರ್ಷ. ಕಾಲಗಣನೆಯ ಈ ತೊಡಕನ್ನು ತೋರಿಸಿ ಪಾಡ್ದನವನ್ನು ಕಟ್ಟುಕಥೆಯೆಂದು ಬಿಡುವವರುಂಟು. ಆದರೆ ಎರಡು ರಾಜಮನೆತನಗಳ ಮೇಲಾಟ ಒಬ್ಬ ಕುಶಲಕರ್ಮಿಯ ಮೈಮೇಲೆ ಹೇಗೆ ಬೀಳುತ್ತದೆ ಎಂಬುದೇ ಪಾಡ್ದನದ ಲೆಕ್ಕ. ಆ ಲೆಕ್ಕಕ್ಕೆ ಎರಡು ಗೊಮ್ಮಟರೂ ಒಂದು ಆಯುಷ್ಯದೊಳಗೆ ಬರಬೇಕು. ಅಣ್ಣನನ್ನು ಅರಸಿಬಂದ ತಂಗಿ ಕಲ್ಲುರ್ಟಿ ಅವನ ಊನವನ್ನು ಕಂಡ ಮೇಲೆ ಇಬ್ಬರೂ ಮಾಯಕ್ಕೆ ಸಂದು ಅರಸನನ್ನು ಕಾಡುತ್ತಾರೆ. ಊನಗೊಂಡು ಬದುಕಿ, ಊನದೊಡನೆಯೇ ದುಡಿದವನು ಇಲ್ಲಿ ಕಥಾನಾಯಕ. ಸತ್ತವನನ್ನು ಹಾಡಿದ ಸಾಹಿತ್ಯ ಎಲ್ಲೆಡೆಯೂ ಇದೆ. ಕೈಕಾಲು ಕಳೆದುಕೊಂಡು ಉಳಿದವನನ್ನು ಹಾಡಿದ್ದು ಕಡಿಮೆ.

ಕಾರ್ಕಳ ತಾಲೂಕಿನ ನಂದಳಿಕೆ ಮುದ್ದಣನ ಹುಟ್ಟೂರು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಕೊಂಡ ಈ ಕವಿಯ ‘ಶ್ರೀರಾಮಾಶ್ವಮೇಧಂ’ ಯಾಗದ ಕುದುರೆಯ ಬೆನ್ನಿಗೆ ಸಾಗುವ ಯುದ್ಧಗಳ ಕಥೆ. ಕನ್ನಡ ಓದುಗರು ನೆನಪಿಟ್ಟುಕೊಂಡದ್ದು ಮಾತ್ರ ಆ ಯುದ್ಧಗಳನ್ನಲ್ಲ, ನಡುನಡುವೆ ತಡೆದು ಪ್ರಶ್ನಿಸುವ ಮನೋರಮೆಯನ್ನು. ಕತ್ತಿವರಸೆಗೆ ಕಿವಿಗೊಟ್ಟ ಹೆಂಗಸು ಸುಮ್ಮನೆ ಕೂರುವುದಿಲ್ಲ ಎಂಬುದನ್ನು ಮುದ್ದಣ ಗದ್ದೆಯ ಹಾಡುಗಾರ್ತಿಯರಿಂದ ಕಲಿತನೆಂದು ಸಾಧಿಸಲು ಆಧಾರಗಳಿಲ್ಲ. ಊಹೆಯ ಹಂತದಲ್ಲಿಯೇ ಅದನ್ನು ಬಿಡುವುದು ಲೇಸು. ಅದೇ ನಂದಳಿಕೆಯಲ್ಲಿ ಸಿರಿಜಾತ್ರೆ ನೆರೆಯುತ್ತದೆ. ಚೆನ್ನೆಯಾಟದ ಜಗಳದಲ್ಲಿ ಅಕ್ಕತಂಗಿಯರಾದ ಅಬ್ಬಗ ದಾರಗರ ಬದುಕು ಮುಗಿಯುವ ಕಥೆಯನ್ನು ಹೆಂಗಸರು ಮೈಮೇಲೆ ತಂದುಕೊಳ್ಳುತ್ತಾರೆ. ಲೌರಿ ಹೊಂಕೊ ಅವರ ಸಿರಿ ಸಂಪುಟಗಳು 1998ರಲ್ಲಿ ಬಂದ ಮೇಲೆ ಅದಕ್ಕೆ ಜಗತ್ತಿನ ವಿದ್ವಾಂಸರ ಗಮನ ದೊರೆತಿದೆ.

ದಂಡಿನ ಮಾರಿ

ಕಾಪುವಿಗೆ ಬಂದರೆ ಯುದ್ಧದ ನೆನಪಿನ ಇನ್ನೊಂದು ಬಗೆ ಕಾಣುತ್ತದೆ. ಇಲ್ಲಿಯ ಮೂರು ಮಾರಿಗುಡಿಗಳು ಸುಗ್ಗಿಯ ಮಾರಿಪೂಜೆಗೆ ಹೆಸರಾದವು. ಸ್ಥಳೀಯ ಐತಿಹ್ಯದಂತೆ ಮಾರಿ ಇಲ್ಲಿಗೆ ಬಂದದ್ದು ಸೈನ್ಯದೊಂದಿಗೆ. ಅವಳು ದಂಡಿನ ಮಾರಿ. ಐತಿಹ್ಯವನ್ನು ಶಾಸನದಂತೆ ಓದುವುದು ಸಲ್ಲದು. ಆದರೂ ಅದರ ಒಳನೋಟ ತಳ್ಳಿಹಾಕುವಂಥದಲ್ಲ. ದಂಡು ಬಂದಲ್ಲಿ ರೋಗ ಬರುತ್ತದೆಂಬುದು ಹಳೆಯ ಕಾಲದ ಎಲ್ಲ ಸೈನ್ಯಗಳ ಅನುಭವ. ಗುಂಪಾಗಿ ಸಾಗುವ, ಒಂದೇ ಕೆರೆಯ ನೀರು ಕುಡಿಯುವ ಸಾವಿರಾರು ಜನ ತಮ್ಮ ಬೆನ್ನಿಗೆ ಸಿಡುಬನ್ನೂ ಬೇಧಿಯನ್ನೂ ತರುತ್ತಿದ್ದರು. ದಂಡು ಮುಂದೆ ಹೋಗುತ್ತದೆ, ದಂಡಿನ ದೇವತೆ ಊರಲ್ಲಿ ಉಳಿಯುತ್ತಾಳೆ. ಯಾವ ಅರಸ ಗೆದ್ದ, ಯಾವ ಕೋಟೆ ಬಿತ್ತು ಎಂಬುದು ಊರಿನ ನೆನಪಿನಿಂದ ಅಳಿದ ಮೇಲೂ, ಪ್ರತಿವರ್ಷ ಅವಳನ್ನು ತಣಿಸಿ ಕಳುಹಬೇಕೆಂಬುದು ಅಳಿದಿಲ್ಲ.

ಹೀಗೆ ಸೈನ್ಯವನ್ನು ಅದು ಬಿಟ್ಟುಹೋದ ತೊಂದರೆಯಿಂದಲೇ ಗುರುತಿಸುವ ರೂಢಿ ಬೇರೆಡೆಯೂ ಇದೆ. 1837ರಲ್ಲಿ ಕಂಪೆನಿಯ ವಿರುದ್ಧ ಎದ್ದು ಮಂಗಳೂರನ್ನು ಕೆಲವು ದಿನಗಳ ಕಾಲ ಹಿಡಿದ ಅಮರ ಸುಳ್ಯದ ದಂಗೆಯನ್ನು ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಹೋರಾಟವಾಗಿ ಚಿತ್ರಿಸಿದರು. ಜನರ ಬಾಯಲ್ಲಿ ಅದು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’. ಈ ಹೆಸರನ್ನು ಬ್ರಿಟಿಷರ ಅಪಪ್ರಚಾರವೆಂದು ತಳ್ಳಿಹಾಕುವುದು ಸುಲಭ. ಹೋರಾಟದ ಹಾದಿಯಲ್ಲಿದ್ದ ಮನೆಗಳವರ ಅನುಭವವೂ ಅದರಲ್ಲಿ ಸೇರಿರಬಹುದೆಂದು ಒಪ್ಪಿದರೆ ಹೋರಾಟ ಸಣ್ಣದಾಗುವುದಿಲ್ಲ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು 1799ರ ಬಳಿಕ ಮರಳಿದ ಕರಾವಳಿಯ ಕ್ರೈಸ್ತರ ಕಥನವನ್ನು ಖಡಾಪ್ ಕಾವ್ಯನಾಮದ ವಿ.ಜೆ.ಪಿ. ಸಲ್ಡಾನ್ಹಾ ಅವರಂಥವರು ಕೊಂಕಣಿಯ ಚಾರಿತ್ರಿಕ ಸಾಹಿತ್ಯಕ್ಕೆ ತಂದರು. ಮರಳಿ ಬಂದವರಿಗೆ ಮನೆಯೂ ಜಮೀನೂ ಹೇಗೆ ದೊರೆತವೆಂಬುದು ಆ ಕುಟುಂಬಗಳ ನೆನಪಿನಲ್ಲಿ ಸೆರೆವಾಸದಷ್ಟೇ ಮುಖ್ಯವಾದ ಪ್ರಶ್ನೆ. ತುಳು ಪಾಡ್ದನ, ಕನ್ನಡ ಕಾದಂಬರಿ, ಕೊಂಕಣಿ ಕಥನಗಳನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಒಟ್ಟಿಗಿಟ್ಟು ಓದುವ ತೌಲನಿಕ ಅಧ್ಯಯನಕ್ಕೆ ವಿಪುಲ ಅವಕಾಶವಿದೆ. ಭಾಷೆಗೊಂದು ಅಕಾಡೆಮಿಯಾದ ಮೇಲೆ ಈ ಬಗೆಯ ಓದು ಇನ್ನಷ್ಟು ಕಷ್ಟವಾಗಿದೆಯೇ ಎಂಬ ಅನುಮಾನವನ್ನೂ ಇಲ್ಲಿ ಮುಚ್ಚಿಡಬೇಕಾಗಿಲ್ಲ.

ಗರಡಿಯ ಒಳಗಿನ ವ್ಯವಸ್ಥೆಯನ್ನು ಕೊನೆಯದಾಗಿ ಗಮನಿಸಬಹುದು. ಗರಡಿಯೆಂದರೆ ಮೂಲತಃ ಅಂಗಸಾಧನೆಯ ಮನೆ, ಕಾಳಗಕ್ಕೆ ಮೈಯನ್ನು ಅಣಿಮಾಡುವ ತಾಣ. ಅಲ್ಲಿ ಬೆರ್ಮೆರ ಸನ್ನಿಧಿಯಿದೆ, ಕೋಟಿ ಚೆನ್ನಯರ ಮೂರ್ತಿಗಳಿವೆ, ಅವರ ಸುರಿಯಗಳಿವೆ. ಇದೇ ಆವರಣದಲ್ಲಿ ಹಸುಗೂಸಿನೊಡನೆ ಮಾಯಂದಾಲ್ ಇದ್ದಾಳೆ. ಬಾಣಂತಿಯಾಗಿದ್ದಾಗಲೇ ಮಾಯಕ್ಕೆ ಸಂದವಳೆಂದು ಪಾಡ್ದನ ಹೇಳುವ ಈ ಹೆಂಗಸು ಯಾವ ಕಾಳಗದಲ್ಲಿಯೂ ಕತ್ತಿ ಹಿಡಿದವಳಲ್ಲ, ಬೈದೆರ್ಕಳ ರಕ್ತಸಂಬಂಧಿಯೂ ಅಲ್ಲ. ಆದರೂ ಕಲಿಗಳ ಮನೆಯಲ್ಲಿ ಅವಳಿಗೆ ಸ್ಥಾನವಿದೆ, ನೇಮದಲ್ಲಿ ಸರದಿಯಿದೆ. ಕೋಟಿ ಚೆನ್ನಯರನ್ನು ಕುರಿತ ಮುದ್ರಿತ ಕಥನಗಳಲ್ಲಿ ಅವಳಿಗೆ ಸಲ್ಲುವ ಜಾಗ ತೀರ ಕಡಿಮೆ. ಗರಡಿಯನ್ನೇ ಒಂದು ಪಠ್ಯವಾಗಿ ಓದುವ ಸಂಶೋಧಕರು ಅವಳನ್ನು ಯಾವ ಅಧ್ಯಾಯದಲ್ಲಿ ಇಡುತ್ತಾರೆ ಎಂಬುದನ್ನು ನೋಡಬೇಕಾಗಿದೆ.